ಎಡಭುಜದ ಹಿಂದಿನ ಜಾಗ

ಕ್ಲಾರಿನೆಟ್ ಊದುವವನಿಗೆ ಉಸಿರಿಗಿಂತ ಮೊದಲು ಬೇಕಾದದ್ದು ಮೇಲಿನ ಮುಂದಿನ ಹಲ್ಲು. ಬಾಯಿಗಿಡುವ ತುದಿಯ ಮೇಲೆ ಅವು ಗಟ್ಟಿಯಾಗಿ ಊರಿ ಕೂತರೆ ಮಾತ್ರ ಕೆಳತುಟಿ ರೀಡನ್ನು, ಸ್ವರ ಹುಟ್ಟಿಸುವ ಆ ತೆಳು ಪಟ್ಟಿಯನ್ನು, ಹದವಾಗಿ ಒತ್ತುತ್ತದೆ, ಸ್ವರ ದುಂಡಗೆ ಬರುತ್ತದೆ. ನನ್ನ ಜೊತೆಗಾರನಿಗೆ ಆ ವರ್ಷದ ಮಳೆಗಾಲದಲ್ಲಿ ಅವೇ ಹಲ್ಲುಗಳು ಅಲ್ಲಾಡತೊಡಗಿದವು. ಶಿವಮೊಗ್ಗಕ್ಕೆ ಹೋಗಿ ಕೀಳಿಸಿ, ಹೊಸದು ಕಟ್ಟಿಸಿಕೊಂಡು ಬಂದ. ಕೊಪ್ಪದ ಬಸ್ ಸ್ಟ್ಯಾಂಡಿನ ಹತ್ತಿರ, ಸೈಕಲ್ ಶಾಪಿನ ಹಿಂದೆ ನಮ್ಮ ಬ್ಯಾಂಡ್ ಸೆಟ್ಟಿನ ರೂಮು. ಅಲ್ಲಿಗೆ ಒಂದು ಬೆಳಿಗ್ಗೆ ಬಂದವನು ಬೆಂಚಿನ ಮೇಲೆ ಕೂತು ಊದಿ ನೋಡಿದ. ಸುಯ್ ಎಂದು ಗಾಳಿ ಹೋಯಿತೇ ಹೊರತು ಸ್ವರ ನಿಲ್ಲಲಿಲ್ಲ.

ಮುಂದುಗಡೆಯಿಂದ ಸೈಕಲ್ ಶಾಪಿನವ, "ಯಾರ್ದು ಮಾರಾಯ್ರೆ ಪಂಕ್ಚರ್ರು?" ಎಂದು ಕೂಗಿದ. ನಾವಿಬ್ಬರೂ ನಕ್ಕೆವು. ನಗು ಮುಗಿದ ಮೇಲೆ ಅವನು ಕ್ಲಾರಿನೆಟ್ಟನ್ನು ಬಿಚ್ಚಿ, ಒಂದೊಂದೇ ತುಂಡನ್ನು ಒರೆಸಿ, ಟವೆಲಿನಲ್ಲಿ ಸುತ್ತಿ ಬೆಂಚಿನ ಮೇಲಿಟ್ಟ.

"ಇಲ್ಲೇ ಇರ್ಲಿ. ಹೊಸಬ ಬಂದ್ರೆ ಬೇಕಾಗ್ತದೆ."

"ಹೊಸಬ ಎಂತಕ್ಕೆ? ಹಲ್ಲು ಸ್ವಲ್ಪ ಕೂರ್ಲಿ. ಆಮೇಲೆ ನೋಡುವ."

"ಕಟ್ಟಿಸಿದ ಹಲ್ಲು ಅನ್ನ ತಿನ್ನೋಕೆ ಮಾರಾಯ. ಊದೋಕಲ್ಲ."

ಗೋಡೆಯ ಮೊಳೆಗೆ ಅವನ ಕೆಂಪು ಕೋಟು ತೂಗುಹಾಕಿತ್ತು. ಅದರ ಕಡೆ ನೋಡದೆ ನರಸಿಂಹರಾಜಪುರದ ಬಸ್ಸು ಹತ್ತಿ ಮನೆಗೆ ಹೋದ. ಆಮೇಲೆ ರೂಮಿನ ಕಡೆ ಬರಲಿಲ್ಲ. ನಾನೂ ಹೋಗಿ ಕರೆಯಲಿಲ್ಲ. ಕರೆಸಿಕೊಂಡು ಬರುವಷ್ಟು ದೂರದವನೇ ಅವನು ಎಂಬ ಬಿಗುಮಾನ ನನ್ನದು.

ಒಬ್ಬ ಕಡಿಮೆಯಾದರೆ ಸೆಟ್ಟು ಯಾಕೆ ನಿಲ್ಲಬೇಕು ಎಂದು ಯಾರಿಗಾದರೂ ಅನ್ನಿಸಬಹುದು. ನಮ್ಮಲ್ಲಿ ಒಂದು ಕಟ್ಟಳೆ ಇತ್ತು. ದಿಬ್ಬಣ ವ್ಯಾನಿನಿಂದ ಇಳಿದ ಜಾಗದಿಂದ ಹಿಡಿದು ಮದುಮಗ ಛತ್ರದ ಹೊಸಿಲು ದಾಟುವವರೆಗೆ ಹಾಡು ತುಂಡಾಗಬಾರದು. ಸೆಟ್ಟು ಕಟ್ಟಿದ ಹಳೇ ಮೇಷ್ಟ್ರು ಹಾಕಿದ ಕಟ್ಟಳೆ ಅದು. ಆರನೇ ಕ್ಲಾಸಿಗೆ ಶಾಲೆ ಬಿಟ್ಟು ಅವರ ಹಿಂದೆ ತಾಳ ಬಡಿಯುತ್ತ ಹೋದ ನನಗೆ ಅವರು ಹೇಳಿದ್ದೇ ಪಾಠ. ನಡುವೆ ಹಾಡು ನಿಂತರೆ ಮದುವೆಮನೆಯ ಹಿರಿಯರು ಮುಖ ಸಪ್ಪೆ ಮಾಡಿಕೊಳ್ಳುತ್ತಾರೆ, ಮುಂದಿನ ಮದುವೆಗೆ ಬೇರೆ ಸೆಟ್ಟನ್ನು ಕರೆಯುತ್ತಾರೆ. ಅದಕ್ಕೇ ಎರಡು ಕ್ಲಾರಿನೆಟ್. ಒಬ್ಬ ಉಸಿರು ತೆಗೆದುಕೊಳ್ಳುವಾಗ ಇನ್ನೊಬ್ಬ ಹಿಡಿದಿರಬೇಕು. ಮಾಸ್ಟರ್ ಮುಂದೆ, ಎರಡನೆಯವನು ಅವನ ಎಡಭುಜದ ಹಿಂದೆ, ಅವರ ಹಿಂದೆ ಡ್ರಮ್ಮುಗಳು. ಮುಂದೆ ನಡೆಯುವವನು ಹಿಂದೆ ತಿರುಗಬಾರದು. ಬೆನ್ನಿನಿಂದಲೇ ಕೇಳಿಸಿಕೊಳ್ಳಬೇಕು. ಮೇಷ್ಟ್ರು ಹೋದ ಮೇಲೆ ಮುಂದಿನ ಜಾಗ ನನ್ನದಾಯಿತು, ಹಿಂದಿನದು ಜೊತೆಗಾರನದು. ಆ ಮೇಲೆ ನಾನು ಹಿಂದೆ ತಿರುಗಿದ್ದೇ ಇಲ್ಲ.

ನಮ್ಮ ಸೆಟ್ಟಿನ ಹೆಸರು ನಿಂತದ್ದು ಎಳೆತದ ಮೇಲೆ. ದಿಬ್ಬಣವನ್ನು ಎದುರುಗೊಳ್ಳುವ ಹಾಡಿನಲ್ಲಿ ಪ್ರತಿ ಸಾಲಿನ ಕೊನೆಗೂ ಒಂದು ಉದ್ದ ಸ್ವರ ಬರುತ್ತದೆ. ಅದಕ್ಕೆ ಎಳೆತ ಅನ್ನುತ್ತಿದ್ದೆವು. ಎರಡನೆಯವನು ಆ ಸ್ವರವನ್ನು ಹಿಡಿದು ನಿಲ್ಲುತ್ತಾನೆ, ಅದರ ಮೇಲೆ ಸೈಡ್ ಡ್ರಮ್ ಉರುಳುತ್ತದೆ, ಅಷ್ಟರಲ್ಲಿ ನಾನು ಉಸಿರು ತುಂಬಿಕೊಂಡು ಮುಂದಿನ ಸಾಲಿಗೆ ಬರುತ್ತೇನೆ. ಶೃಂಗೇರಿ, ಕೊಪ್ಪ, ನರಸಿಂಹರಾಜಪುರ ಮೂರು ಕಡೆಯೂ "ಎಳೆತದ ಸೆಟ್ಟು" ಎಂದೇ ನಮ್ಮನ್ನು ಕರೆಯುತ್ತಿದ್ದರು. ವ್ಯಾನಿನ ಮೇಲೆ ಸ್ಪೀಕರ್ ಕಟ್ಟಿ ಸೀಡಿ ಹಾಕುವವರು ಬಂದು ಬ್ಯಾಂಡುಗಳೆಲ್ಲ ಒಂದೊಂದಾಗಿ ಮುಚ್ಚಿಹೋಗುತ್ತಿದ್ದ ಆ ವರ್ಷಗಳಲ್ಲೂ ನಮ್ಮನ್ನು ಹುಡುಕಿಕೊಂಡು ಬರುವವರು ಇದ್ದರು.

ಧನುರ್ಮಾಸ ಶುರುವಾಗಿ ಮದುವೆಗಳು ನಿಂತವು. ದೊಡ್ಡ ಡ್ರಮ್ಮಿನವ ಒಂದು ಸಂಜೆ ರೂಮಿನ ಬಾಗಿಲಲ್ಲಿ ನಿಂತ. ಒಳಗೆ ಬರಲಿಲ್ಲ. ಹೇಳಬೇಕಾದದ್ದು ಕಷ್ಟದ್ದಾಗಿದ್ದರೆ ಅವನು ಬಾಗಿಲಲ್ಲೇ ನಿಲ್ಲುತ್ತಾನೆ.

"ಅಣ್ಣ, ಬೀರೂರಿನ ಸೆಟ್ಟಿನವರು ಕರೀತಿದಾರೆ. ನಮ್ಮ ಮೂರೂ ಜನ ಡ್ರಮ್ಮಿನವರನ್ನೂ."

"ಹೋಗ್ತೀರಾ?"

"ಹೋಗೋ ಮನಸ್ಸಿದ್ರೆ ಹೇಳೋಕೆ ಬರ್ತಿದ್ನಾ? ಸಂಕ್ರಾಂತಿ ಕಳೆದು ಮೊದಲ್ನೇ ಲಗ್ನಕ್ಕೆ ಎರಡನೇ ಕ್ಲಾರ್ನೆಟ್ ಇದ್ರೆ ನಾವೂ ಇರ್ತೀವಿ. ಇಲ್ದಿದ್ರೆ ಎಂತ ಮಾಡೋದು ಅಣ್ಣ, ನಮಗೂ ಮನೆ ಇದೆ."

ಆ ಮೊದಲ ಲಗ್ನ ಕೊಪ್ಪದಲ್ಲೇ ಇತ್ತು, ಏರಿನ ತುದಿಯ ಛತ್ರದಲ್ಲಿ. ಒಪ್ಪಿಕೊಂಡು ಎಲೆಅಡಿಕೆ ಇಸಿದುಕೊಂಡಾಗಿತ್ತು.

ಆಗಿನ್ನೂ ಎಲ್ಲರ ಕೈಯಲ್ಲಿ ಮೊಬೈಲ್ ಇರಲಿಲ್ಲ. ಯಾರಿಗಾದರೂ ಸುದ್ದಿ ಮುಟ್ಟಿಸಬೇಕಾದರೆ ಬಸ್ಸಿನ ಕಂಡಕ್ಟರುಗಳಿಗೆ ಹೇಳುವುದೇ ರೂಢಿ. ಶೃಂಗೇರಿ ಬಸ್ಸಿನವನಿಗೂ, ಬಾಳೆಹೊನ್ನೂರು ಬಸ್ಸಿನವನಿಗೂ, ನರಸಿಂಹರಾಜಪುರದ ಬಸ್ಸಿನವನಿಗೂ ಹೇಳಿದೆ. ಕ್ಲಾರಿನೆಟ್ ಊದುವವರು ಬೇಕು, ನಡೆಯುತ್ತ ಊದಲು ಬರಬೇಕು, ಕೊಪ್ಪಕ್ಕೆ ಬಂದು ಊದಿ ತೋರಿಸಬೇಕು. ಶೃಂಗೇರಿ ಬಸ್ಸಿನವ ಟಿಕೆಟ್ ಹರಿಯುತ್ತಲೇ ಕೇಳಿದ, "ವರಾನ್ವೇಷಣೆನಾ ಮಾಸ್ಟ್ರೇ? ಜಾತಕನೂ ತರಬೇಕಾ?"

ಪರೀಕ್ಷೆಯ ಕ್ರಮ ನಾನೇ ಮಾಡಿಟ್ಟುಕೊಂಡದ್ದು. ಮೊದಲು ಬೆಂಚಿನ ಮೇಲೆ ಕೂತು ಒಂದೇ ಸ್ವರವನ್ನು ನಡುಗದಂತೆ ಹಿಡಿಯಬೇಕು. ಆಮೇಲೆ ನಾನು ಸಾಲು ಊದುತ್ತೇನೆ, ಕೇಳಿ ಹಾಗೇ ಊದಬೇಕು. ಇಲ್ಲಿಯವರೆಗೆ ಬಹಳ ಜನ ಬರುತ್ತಾರೆ. ಮೂರನೆಯದು ಛತ್ರದ ಏರು. ಬಸ್ ಸ್ಟ್ಯಾಂಡಿನ ಬುಡದಿಂದ ಛತ್ರದ ಗೇಟಿನವರೆಗೆ ಡಾಂಬರು ರಸ್ತೆ ಎರಡು ಸಲ ತಿರುಗಿ ಹತ್ತುತ್ತದೆ. ನಾನು ಮುಂದೆ, ಬಂದವನು ನನ್ನ ಎಡಭುಜದ ಹಿಂದೆ. ಹಾಡು ಬುಡದಲ್ಲಿ ಶುರುವಾದರೆ ಗೇಟಿನವರೆಗೆ ತುಂಡಾಗಬಾರದು. ಕೂತು ಊದುವುದಕ್ಕೂ ಹತ್ತುತ್ತ ಊದುವುದಕ್ಕೂ ಸಂಬಂಧವೇ ಇಲ್ಲ. ಕಾಲು ಕೇಳುವ ಉಸಿರನ್ನೇ ಕ್ಲಾರಿನೆಟ್ಟೂ ಕೇಳುತ್ತದೆ.

ಮೊದಲು ಬಂದವರು ಮೆಣಸೆಯ ಕಡೆಯವರು, ಭಜನೆಗೆ ಊದುವವರು. ಬಿಳಿ ಪಂಚೆ, ಗಂಧದ ಬೊಟ್ಟು. ಬೆಂಚಿನ ಮೇಲೆ ಕೂತು ಊದಿದರೆ ಸೈಕಲ್ ಶಾಪಿನವ ಪಂಪು ಹೊಡೆಯುವುದನ್ನು ನಿಲ್ಲಿಸಿ ಕೇಳಿದ. ಅಷ್ಟು ಇಂಪು. ಏರಿನ ಮೊದಲ ತಿರುವಿನ ತನಕ ನನ್ನ ಬೆನ್ನಿಗೆ ಆ ಇಂಪು ಕೇಳಿಸಿತು. ಎರಡನೇ ಎಳೆತ ಅರ್ಧಕ್ಕೇ ಕಡಿಯಿತು. ಮೂರನೆಯದು ಬರಲೇ ಇಲ್ಲ. ಪರೀಕ್ಷೆ ಮುಗಿಯಿತೆಂದು ತಿರುಗಿ ನೋಡಿದರೆ ಅವರು ಮೋರಿಯ ಕಟ್ಟೆಯ ಮೇಲೆ ಕೂತಿದ್ದರು.

"ಸಾಲೆಲ್ಲ ಆಯ್ತು ಮಾರಾಯ್ರೆ. ಆದ್ರೆ ಕೊನೆಗೆ ಎಷ್ಟು ಹೊತ್ತು ಹಿಡಿಯೋದು? ನೀವು ಬರ್ತೀರಿ ಬರ್ತೀರಿ ಅಂತ ಕಾದೆ. ನೀವು ಬರೋಕೆ ಮುಂಚೆ ನನ್ನ ಪ್ರಾಣವೇ ಹೋಗೋ ಹಂಗಾಯ್ತು."

"ಎಳೆತ ಅಂದ್ರೆ ಹಂಗೇ."

"ಹಂಗಾದ್ರೆ ನಮಗೆ ದೇವ್ರೇ ಸಾಕು. ಅವನು ಕೂತಲ್ಲೇ ಕೇಳ್ತಾನೆ."

ಎಳನೀರು ಕುಡಿಸಿ ಬಸ್ಸು ಹತ್ತಿಸಿದೆ.

ಎರಡನೆಯವರು ಕಿಗ್ಗದ ಹತ್ತಿರ ಅಣ್ಣನ ಮನೆಯಲ್ಲಿದ್ದ ನಿವೃತ್ತರು. ಪೊಲೀಸ್ ಬ್ಯಾಂಡಿನಲ್ಲಿದ್ದವರು. ಶೂ ಹೊಳೆಯುತ್ತಿತ್ತು, ಮೀಸೆಯೂ. ಬಂದವರೇ ಕೈ ಚಾಚಿದರು.

"ನೊಟೇಶನ್ ಕೊಡಿ."

"ನಮ್ಮಲ್ಲಿ ಪೇಪರ್ ಇಲ್ಲ. ಕೇಳಿ ಊದೋದು."

"ಓ," ಎಂದು ಕೈ ಹಿಂದಕ್ಕೆ ತೆಗೆದುಕೊಂಡರು. ಆದರೆ ಒಂದೇ ಸಲ ಕೇಳಿ ಪೂರಾ ಊದಿದರು. ಏರಿನಲ್ಲೂ ಅವರ ಉಸಿರು ಅಲ್ಲಾಡಲಿಲ್ಲ. ಶೂಗಳ ಸಪ್ಪಳ ಮಾತ್ರ ನನ್ನ ಬೆನ್ನ ಹಿಂದೆ ಮೊದಲ ಸಾಲಿನಲ್ಲಿ ಸರಿಯಾಗಿದ್ದು, ಆಮೇಲೆ ಒಮ್ಮೆ ತಡವರಿಸಿ, ಮತ್ತೆ ಸರಿಯಾಗಿ, ಮತ್ತೆ ತಡವರಿಸಿತು. ಪ್ರತಿ ಎಳೆತದಲ್ಲೂ ಸ್ವರ ಸ್ವಲ್ಪ ಬೇಗ ಬಿಟ್ಟುಬಿಡುತ್ತಿದ್ದರು. ನಾನು ಮುಂದಿನ ಸಾಲಿಗೆ ಬರುವಷ್ಟರಲ್ಲಿ ಒಂದು ಖಾಲಿ ಜಾಗ. ಛತ್ರದ ಗೇಟಿನಲ್ಲಿ ನಿಂತು ಅವರೇ ಮೊದಲು ಮಾತಾಡಿದರು.

"ರೀ ಮಾಸ್ಟ್ರೇ, ನಿಮ್ಮ ಹಾಡಲ್ಲಿ ಎಲ್ಲೋ ಒಂದು ಹೆಜ್ಜೆ ಜಾಸ್ತಿ ಇದೆ ಕಣ್ರೀ. ಎಡಗಾಲಿಗೆ ಬೀಳಬೇಕಾದ್ದು ಬಲಗಾಲಿಗೆ ಬೀಳ್ತಾ ಇದೆ."

"ಇದು ಪರೇಡಲ್ಲ ಸಾರ್, ದಿಬ್ಬಣ. ಆರತಿ ತಟ್ಟೆ ಹಿಡ್ಕಂಡು ಹೆಂಗಸರು ಬರ್ತಿರ್ತಾರೆ. ಅವರು ಎಡಬಲ ನೋಡ್ಕಂಡು ನಡೀತಾರಾ?"

"ಹೆಂಗಸರ ಮಾತಲ್ಲ, ಹಾಡಿನ ಮಾತು."

"ಹಾಡು ನಮ್ಮ ಮೇಷ್ಟ್ರು ಕಟ್ಟಿದ್ದು."

ಅವರು ಮೀಸೆ ಮುಟ್ಟಿಕೊಂಡರು. ಅವರನ್ನು ಬೇಡವೆಂದೆ. ಡ್ರಮ್ಮಿನವನಿಗೆ, "ಪೊಲೀಸಿನವರಿಗೆ ಎಳೆತ ಗೊತ್ತಿಲ್ಲ" ಎಂದು ಹೇಳಿದೆ. ಅವನು ಡ್ರಮ್ಮಿನ ಹಗ್ಗ ಬಿಗಿ ಮಾಡುತ್ತಿದ್ದ. ತಲೆ ಎತ್ತಲಿಲ್ಲ.

ಇನ್ನೂ ಕೆಲವರು ಬಂದರು, ಹೋದರು. ಒಬ್ಬನಿಗೆ ರೀಡು ಒದ್ದೆ ಮಾಡಿಕೊಳ್ಳಬೇಕೆಂಬುದೇ ಗೊತ್ತಿರಲಿಲ್ಲ. ಇನ್ನೊಬ್ಬ ಏರು ನೋಡಿಯೇ, "ದಿಬ್ಬಣ ಜೀಪಲ್ಲಿ ಹೋಗಲ್ವಾ?" ಎಂದ. ಬಂದವರು ಹೋದ ಮೇಲೆ ನಾನು ರೂಮಿನಲ್ಲಿ ಕೂತು ಒಬ್ಬನೇ ಹಾಡು ಊದುತ್ತಿದ್ದೆ. ಸಾಲಿನ ಕೊನೆಗೆ ನಿಲ್ಲಿಸಿ ಉಸಿರು ತೆಗೆದುಕೊಂಡರೆ ಅಲ್ಲಿ ಏನೂ ಇರುತ್ತಿರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಬಾಳೆಹೊನ್ನೂರ್ ಬಾಳೆಹೊನ್ನೂರ್ ಎಂದು ಕೂಗುವುದು ಮಾತ್ರ ಆ ಖಾಲಿಯಲ್ಲಿ ಕೇಳಿಸುತ್ತಿತ್ತು. ಎಷ್ಟೋ ವರ್ಷ ಅದು ಖಾಲಿ ಎಂದೇ ನನಗೆ ಗೊತ್ತಾಗಿರಲಿಲ್ಲ. ಗೋಡೆಯ ಮೇಲಿನ ಕೋಟು ತೆಗೆದು ಒಳಗೆ ಇಡೋಣವೆಂದು ಎರಡು ಸಲ ಎದ್ದೆ. ಇಡಲಿಲ್ಲ.

ನರಸಿಂಹರಾಜಪುರದ ಬಸ್ಸಿನವ ಒಂದು ಸುದ್ದಿ ತಂದ. ಅಲ್ಲಿ ಪೇಟೆಯಲ್ಲಿ ಸ್ಟೌ, ಕುಕ್ಕರ್ ರಿಪೇರಿ ಮಾಡುವ ಒಬ್ಬ ಸಾಬರು ಇದ್ದಾರೆ, ತಂದೆಯ ಕಾಲದ ಕ್ಲಾರಿನೆಟ್ ಇದೆ, ಚೆನ್ನಾಗಿ ಊದುತ್ತಾರೆ, ಆದರೆ ಅಂಗಡಿ ಬಿಟ್ಟು ಕೊಪ್ಪಕ್ಕೆ ಬರಲಾಗುವುದಿಲ್ಲವಂತೆ. "ಬೇಕಾದ್ರೆ ಮಾಸ್ಟ್ರೇ ಬರ್ಲಿ ಅಂದ್ರು" ಎಂದ. ನನಗೆ ಮೈ ಉರಿಯಿತು. ಪರೀಕ್ಷೆ ಮಾಡುವವನೇ ಪರೀಕ್ಷೆ ಕೊಡುವವನ ಮನೆಗೆ ಹೋಗುವುದು ಯಾವ ಊರ ಪದ್ಧತಿ? ಆದರೆ ಸಂಕ್ರಾಂತಿ ಹತ್ತಿರ ಬಂದಿತ್ತು. ಹೋದೆ.

ಅಂಗಡಿ ಎಂದರೆ ಎರಡು ಹಲಗೆ ಬಾಗಿಲಿನ ಗೂಡು. ನನಗಿಂತ ಬಹಳ ಚಿಕ್ಕವನು, ಸಪೂರ ಆಳು. ಒಂದು ಕುಕ್ಕರಿಗೆ ನೀರು ಹಾಕಿ ಸ್ಟೌ ಮೇಲಿಟ್ಟು, ಮುಚ್ಚಳದ ಹತ್ತಿರ ಕಿವಿ ಕೊಟ್ಟು ಕೂತಿದ್ದ. ನನಗೆ ಬೆರಳಿನಲ್ಲೇ ಸ್ವಲ್ಪ ನಿಲ್ಲಿ ಎಂದು ತೋರಿಸಿದ.

"ಹಿಡಿ ಇರೋ ಕಡೆ ಸೋರ್ತಾ ಇದೆ," ಎಂದು ತನಗೇ ಹೇಳಿಕೊಂಡು, ಸ್ಟೌ ಆರಿಸಿ, ಆಮೇಲೆ ಎದ್ದು ನಿಂತ. "ಬನ್ನಿ ಮಾಸ್ಟ್ರೇ. ನಿಮ್ಮ ಎಳೆತ ಕೇಳಿದೀನಿ. ನಮ್ಮ ಪಕ್ಕದ ಬೀದಿ ಮದುವೆಗೆ ಬಂದಿದ್ರಲ್ಲ."

ಬೆಂಚಿನ ಪರೀಕ್ಷೆ ಅಂಗಡಿಯಲ್ಲೇ ಆಯಿತು. ಕೀಗಳ ಕೆಳಗಿನ ಪ್ಯಾಡುಗಳನ್ನು ಅವನೇ ಹಳೇ ಗ್ಯಾಸ್ಕೆಟ್ ರಬ್ಬರಿನಿಂದ ಕತ್ತರಿಸಿ ಅಂಟಿಸಿಕೊಂಡಿದ್ದ. ಸ್ವರ ಮಾತ್ರ ಒಂದು ಕಡೆಯೂ ಸೋರಲಿಲ್ಲ. ಆಮೇಲೆ ಭದ್ರಾ ಹಿನ್ನೀರಿನ ಕಡೆಯ ರಸ್ತೆಗೆ ಹೋದೆವು. ಹೋಗುವಾಗ ಇಳಿಜಾರು, ಬರುವಾಗ ಏರು. ನಾನು ಮುಂದೆ, ಅವನು ಹಿಂದೆ. ನೀರಿನ ತನಕ ಹಾಡು ಇಳಿಯಿತು. ಅಲ್ಲಿಂದ ತಿರುಗಿ ಹತ್ತಿದೆವು. ಎಳೆತ ಬಂತು. ಅವನು ಹಿಡಿದ. ನಾನು ಉಸಿರು ತೆಗೆದುಕೊಂಡು ಬಂದೆ, ಅವನಿನ್ನೂ ಹಿಡಿದೇ ಇದ್ದ. ಮತ್ತೊಂದು ಸಾಲು, ಮತ್ತೆ ಹಿಡಿದ. ನನ್ನ ಬೆನ್ನು ಬೆಚ್ಚಗಾಯಿತು. ಬಹಳ ದಿನದ ಮೇಲೆ ಅಲ್ಲಿ ಯಾರೋ ಇದ್ದ ಹಾಗೆ. ಏರಿನ ಮೇಲಕ್ಕೆ ಬಂದು ಹಾಡು ಮುಗಿಸಿ ತಿರುಗಿದೆ. ಸರಿ, ನೀನೇ ಎಂದು ಹೇಳಬೇಕು, ಅವನೇ ಬಾಯಿ ತೆಗೆದ.

"ಮಾಸ್ಟ್ರೇ, ಒಂದು ಕೇಳ್ತೀನಿ, ಬೇಜಾರು ಮಾಡ್ಕಬೇಡಿ. ಇಳಿಯುವಾಗ ಎಳೆತ ಗಿಡ್ಡ ಇತ್ತು. ಹತ್ತುವಾಗ ಉದ್ದ ಆಯ್ತು. ಮೇಲೆ ಮೇಲೆ ಬಂದ ಹಂಗೆ ಇನ್ನೂ ಉದ್ದ ಆಯ್ತು."

"ಅದಕ್ಕೆ?"

"ಹಾಡಿಗೆ ಏರು ಗೊತ್ತಾಗ್ತದಾ ಮಾಸ್ಟ್ರೇ? ಎದೆಗೆ ಗೊತ್ತಾಗ್ತದೆ."

ಏನು ಹೇಳುತ್ತಿದ್ದಾನೆಂದು ತಿಳಿಯಲು ನನಗೆ ಒಂದು ಗಳಿಗೆ ಬೇಕಾಯಿತು.

"ನಿಮಗೆ ಉಸಿರು ತಿರುಗೋಕೆ ಹೊತ್ತು ಬೇಕಾಗ್ತಾ ಇದೆ. ಅಲ್ಲಿ ತನಕ ನಾ ಹಿಡ್ಕಂಡಿರಬೇಕು. ಹಿಡೀತೀನಿ, ನಂಗೇನು. ಆದ್ರೆ ಅದು ಹಾಡಲ್ಲ, ಸೋರೋದನ್ನ ಮುಚ್ಚೋದು. ಅದು ನನ್ನ ದಿನಾ ಕೆಲಸ."

"ಕುಕ್ಕರ್ ರಿಪೇರಿ ಮಾಡ್ಕಂಡಿರು," ಎಂದೆ. ಕ್ಲಾರಿನೆಟ್ಟನ್ನು ಬಿಚ್ಚದೆ ಹಾಗೇ ಕಂಕುಳಲ್ಲಿ ಇಟ್ಟುಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದೆ. ಹಿಂದೆ ತಿರುಗಲಿಲ್ಲ. ತಿರುಗದಿರುವುದು ಅಭ್ಯಾಸವಾಗಿತ್ತಲ್ಲ.

ಬಸ್ಸಿಗೆ ಹೊತ್ತಿತ್ತು. ಬಸ್ ಸ್ಟ್ಯಾಂಡಿನಲ್ಲಿ ಕೂತಾಗ ಪೊಲೀಸ್ ಬ್ಯಾಂಡಿನವರ ಶೂ ಸಪ್ಪಳ ನೆನಪಾಯಿತು. ಮೆಣಸೆಯವರು, ನೀವು ಬರ್ತೀರಿ ಬರ್ತೀರಿ ಅಂತ ಕಾದೆ ಎಂದಿದ್ದರು. ಆಗ ಅದು ಅವರ ಸೋಲು ಎಂದುಕೊಂಡಿದ್ದೆ. ಮೂವರೂ ಬೇರೆ ಬೇರೆ ಊರಿನವರು, ಒಬ್ಬರನ್ನೊಬ್ಬರು ಕಂಡವರಲ್ಲ. ಕಾಲು ತಾನಾಗಿ ಜೊತೆಗಾರನ ಮನೆಯ ಓಣಿಗೆ ತಿರುಗಿತು.

ಅವನು ಜಗಲಿಯಲ್ಲಿ ಕೂತು ಗಾಜಿನ ಚೂರಿನ ಮೇಲೆ ರೀಡು ಇಟ್ಟು ಬ್ಲೇಡಿನಿಂದ ಹೆರೆಯುತ್ತಿದ್ದ. ಊದುವವರಿಲ್ಲದ ರೀಡು. ಕಟ್ಟಿಸಿದ ಹಲ್ಲು ಪಕ್ಕದ ಲೋಟದ ನೀರಿನಲ್ಲಿತ್ತು. ನನ್ನನ್ನು ಕಂಡು ಅವಸರದಲ್ಲಿ ಹಾಕಿಕೊಂಡ.

"ಊರಿಗೆ ಬಂದು ಊದಿದ್ದು ಕೇಳಿಸ್ತು. ಕುಕ್ಕರಿನವನಲ್ಲ? ಅವನಪ್ಪನೂ ಹಂಗೇ ಊದ್ತಿದ್ದ. ತಗಂಡ್ಯಾ?"

"ಬಾಯಿ ಜಾಸ್ತಿ ಅವಂಗೆ."

"ಎಂತ ಅಂದ?"

ಹೇಳಿದೆ. ಅವನು ನಗುತ್ತಾನೆ, ಇಲ್ಲವೇ ನನ್ನ ಪರವಾಗಿ ಬೈಯುತ್ತಾನೆ ಎಂದುಕೊಂಡಿದ್ದೆ. ಅವನು ರೀಡನ್ನು ಬೆಳಕಿಗೆ ಹಿಡಿದು ನೋಡಿದ, ಹುಡಿ ಊದಿದ.

"ಸರಿಯಾಗೇ ಹೇಳಿದಾನೆ ಮಾರಾಯ."

ಒಳಗಿನಿಂದ ಅವನ ಹೆಂಡತಿ ಕಾಫಿ ತಂದಿಟ್ಟು ನನ್ನ ಮುಖ ನೋಡಿ ಹಾಗೇ ಒಳಗೆ ಹೋದರು.

"ಮೇಷ್ಟ್ರು ಹೇಳಿಕೊಟ್ಟ ಹಾಡಲ್ಲಿ ಎಳೆತ ಇರ್ಲಿಲ್ಲ. ಸಾಲು ಮುಗೀತು, ಮುಂದಿನ ಸಾಲು ಬಂತು, ಅಷ್ಟೇ. ನಿಂಗೆ ಆ ವರ್ಷ ಎದೆ ಕಟ್ಟಿ ಜ್ವರ ಬಂದು ಎದ್ದಿದ್ಯಲ್ಲ, ಆಮೇಲೆ ಶೃಂಗೇರಿಲಿ ಒಂದು ಮದುವೆ. ಸಾಲಿನ ಕೊನೆಗೆ ನೀ ಬರ್ಲಿಲ್ಲ. ನಾ ಹಿಡ್ಕಂಡೆ. ಸೈಡ್ ಡ್ರಮ್ಮಿನವ ಪಾಪ, ಎಂತ ಮಾಡೋದು ತಿಳೀದೆ ಉರುಳಿಸಿದ. ಊಟದ ಹೊತ್ತಿಗೆ ಮದುವೆಮನೆ ಯಜಮಾನ್ರು ಬಂದು, ಎಂಥಾ ಎಳೆತ ಮಾರಾಯ್ರೆ ಅಂತ ನಿನ್ನ ಕೈ ಹಿಡ್ಕಂಡ್ರು. ನೀ ಖುಷಿಯಾದೆ. ಮುಂದಿನ ಮದುವೆಲೂ ಹಂಗೇ ಮಾಡಿದೆ."

"ನೀ ಹೇಳ್ಬೋದಿತ್ತಲ್ಲ."

"ಎಂತಕ್ಕೆ ಹೇಳ್ಲಿ? ಸೆಟ್ಟಿಗೆ ಹೆಸರು ಬಂತು." ರೀಡನ್ನು ಮತ್ತೆ ಗಾಜಿನ ಮೇಲಿಟ್ಟು ಹೇಳಿದ, "ನಿನ್ನ ರೀಡನ್ನೂ ಪ್ರತಿ ವರ್ಷ ಸ್ವಲ್ಪ ತೆಳು ಮಾಡ್ತಿದ್ದೆ. ಗಾಳಿ ಕಮ್ಮಿ ಸಾಕಾಗ್ಲಿ ಅಂತ."

ಅಷ್ಟು ಉದ್ದದ ಸ್ವರ ಹಿಡಿಯಬೇಕಾದರೆ ಹಲ್ಲನ್ನು ಎಷ್ಟು ಒತ್ತಿ ಊರಬೇಕು ಎಂಬುದು ನನಗೆ ಗೊತ್ತು. ಅದನ್ನು ಅವನಲ್ಲಿ ಕೇಳಲಿಲ್ಲ. ಅವನೂ ಹೇಳಲಿಲ್ಲ. ಕಾಫಿ ಆರಿಹೋಗಿತ್ತು, ಕುಡಿದೆ. ಏಳುವಾಗ ಅವನು ಹೆರೆದಿದ್ದ ರೀಡನ್ನು ಕಾಗದದಲ್ಲಿ ಸುತ್ತಿ ನನ್ನ ಜೇಬಿಗೆ ಹಾಕಿದ.

"ಆ ಕೋಟು ಅವಂಗೆ ದೊಡ್ಡದಾಗ್ತದೆ. ಹೊಲಿಸಿಕೊಡು," ಎಂದ.

ಓಣಿಯ ತುದಿಯಲ್ಲಿ ನಿಂತೆ. ನನ್ನ ಮುಂದೆ ಎರಡು ದಾರಿ ಇದ್ದವು. ಕುಕ್ಕರಿನವ ಹಿಡಿಯುತ್ತೇನೆ ಎಂದೇ ಹೇಳಿದ್ದ. ಹಿಡಿಯಲು ಬಿಟ್ಟರೆ ಎಳೆತವೂ ಉಳಿಯುತ್ತದೆ, ಹೆಸರೂ ಉಳಿಯುತ್ತದೆ, ಮೂರು ತಾಲೂಕಿನಲ್ಲಿ ಯಾರಿಗೂ ಏನೂ ತಿಳಿಯುವುದಿಲ್ಲ. ಆದರೆ ತಿಳಿಯದೆ ಊದಿದ್ದೇ ಬೇರೆ. ತಿಳಿದ ಮೇಲೆ ಇನ್ನೊಬ್ಬನ ಹಲ್ಲಿನ ಮೇಲೆ ನಿಂತು ಮಾಸ್ಟರ್ ಅನ್ನಿಸಿಕೊಳ್ಳುವುದು ನನ್ನ ಜಾಯಮಾನಕ್ಕೆ ಒಗ್ಗುವುದಿಲ್ಲ. ಬಿಗುಮಾನ ನನ್ನನ್ನು ಅಲ್ಲಿಯವರೆಗೆ ಕೆಡಿಸಿದ್ದೇ ಹೆಚ್ಚು. ಆ ದಿನ ಅದೇ ಒಂದು ಕೆಲಸಕ್ಕೆ ಬಂತು.

ಕುಕ್ಕರಿನವ ಅಂಗಡಿಯ ಹಲಗೆ ಹಾಕುತ್ತಿದ್ದ.

"ಎಳೆತ ತೆಗೀತೀನಿ," ಎಂದೆ. "ಮೇಷ್ಟ್ರ ಹಾಡು ಹೆಂಗಿತ್ತೋ ಹಂಗೆ ಊದುವ. ಸಪಾಟಿನಲ್ಲಿ ನಾನು ಮುಂದೆ. ಏರಿನಲ್ಲಿ ನೀನು ಮುಂದೆ."

ಅವನ ಕೈಯಲ್ಲಿನ ಹಲಗೆ ಅಲ್ಲೇ ನಿಂತಿತು. "ಮಾಸ್ಟ್ರು ಹಿಂದೆ ನಡೀತಾರಾ?"

"ನಡೀತೀನಿ."

"ಜನ ಎಂತ ಅಂತಾರೆ?"

"ಜನ ಎಳೆತ ಅಂದಿದ್ರು. ಈಗ ಇನ್ನೊಂದು ಅನ್ಲಿ."

"ನಾನು ಬೆಳಿಗ್ಗೆ ಹಂಗೆ ಹೇಳಬಾರದಿತ್ತು ಮಾಸ್ಟ್ರೇ."

"ಹೇಳಿದ್ದಕ್ಕೇ ಬಂದಿದ್ದು. ಅಂಗಡಿ ಯಾವ ದಿನ ಮುಚ್ಚಬೋದು ಹೇಳು."

ರೂಮಿನಲ್ಲಿ ಡ್ರಮ್ಮಿನವರನ್ನು ಕೂರಿಸಿ, ಇನ್ನು ಎಳೆತ ಇಲ್ಲ, ಉರುಳಿಕೆಯೂ ಬೇಡ ಎಂದೆ. ಯಾಕೆ ಎಂದು ಕೇಳಿದರೆ ಹೇಳಲು ಮಾತು ಜೋಡಿಸಿಟ್ಟುಕೊಂಡಿದ್ದೆ. ದೊಡ್ಡ ಡ್ರಮ್ಮಿನವ, "ಆಯ್ತಣ್ಣ" ಎಂದ. ಸೈಡ್ ಡ್ರಮ್ಮಿನವನೂ ತಲೆಯಾಡಿಸಿದ. ಯಾರೂ ಯಾಕೆ ಎಂದು ಕೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು ಎಂದು ನನಗೆ ಆಗ ತಿಳಿಯಿತು. ಇಷ್ಟು ವರ್ಷ ದಿಬ್ಬಣದ ತಲೆಯಲ್ಲಿ ನಡೆದವನು ನಾನೊಬ್ಬನೇ, ಗೊತ್ತಿಲ್ಲದವನೂ ನಾನೊಬ್ಬನೇ. ಅವರು ಬೀರೂರಿನ ಮಾತು ಮತ್ತೆ ಎತ್ತಲಿಲ್ಲ. ಅಷ್ಟು ಸಾಕಿತ್ತು.

ಅಭ್ಯಾಸ ಸುಲಭವಾಗಲಿಲ್ಲ. ಸಾಲು ಮುಗಿದ ಕೂಡಲೇ ಎದೆ ತಾನಾಗಿ ಆ ಹಳೇ ಬಿಡುವನ್ನು ಕೇಳುತ್ತಿತ್ತು. ಅಲ್ಲಿ ಉಸಿರು ಎಳೆದರೆ ಹಾಡು ನನ್ನನ್ನು ಬಿಟ್ಟು ಮುಂದೆ ಹೋಗಿರುತ್ತಿತ್ತು. ಸಾಲಿನ ನಡುವೆ, ಕುಕ್ಕರಿನವನ ಸ್ವರದ ಮರೆಯಲ್ಲಿ ಸಣ್ಣ ಸಣ್ಣ ಉಸಿರು ಕದಿಯುವುದನ್ನು ಹೊಸದಾಗಿ ಕಲಿತೆ. ಜೊತೆಗಾರ ಕೊಟ್ಟ ರೀಡನ್ನೇ ಹಾಕಿಕೊಂಡೆ. ಬಹಳ ತೆಳು ಇತ್ತು. ಏರಿನಲ್ಲಿ ಒಂದೊಂದು ದಿನ ಎಡವುತ್ತಿದ್ದೆ, ಕುಕ್ಕರಿನವ ನಿಲ್ಲದೆ ಹೋಗುತ್ತಿದ್ದ. ನಿಲ್ಲಬೇಡ ಎಂದು ನಾನೇ ಹೇಳಿದ್ದೆ.

ಮದುವೆಯ ದಿನ ದಿಬ್ಬಣ ಬಸ್ ಸ್ಟ್ಯಾಂಡಿನ ಬುಡದಲ್ಲಿ ಇಳಿಯಿತು. ಪೇಟೆಯ ಸಪಾಟಿನಲ್ಲಿ ನಾನು ಮುಂದೆ ನಡೆದೆ. ಏರು ಶುರುವಾಗುವ ಕಡೆ ಊದುತ್ತಲೇ ಬದಿಗೆ ಸರಿದೆ. ಕುಕ್ಕರಿನವ ನನ್ನ ಬಲಗಡೆಯಿಂದ ಮುಂದಕ್ಕೆ ಹೋದ. ನಾನು ಅವನ ಎಡಭುಜದ ಹಿಂದೆ ನಿಂತೆ. ಸೈಕಲ್ ಶಾಪಿನವ ಬಾಗಿಲಿಗೆ ಬಂದು ನೋಡಿದ. ಏನೋ ಕೂಗಲು ಹೊರಟವನು ಕೂಗಲಿಲ್ಲ. ಹಿಂದಿನಿಂದ ಯಾರೋ, "ಮಾಸ್ಟ್ರು ಎಂತ ಹಿಂದಾದ್ರು?" ಎಂದರು. ಇನ್ಯಾರೋ, "ವಯಸ್ಸಾಯ್ತಲ್ಲ ಮಾರಾಯ" ಎಂದರು. ಕೇಳಿಸಿತು. ಊದುತ್ತ ಹತ್ತಿದೆ.

ಹಿಂದಿನ ಜಾಗದಲ್ಲಿ ನಿಂತವನಿಗೆ ಮದುವೆ ಕಾಣುವುದಿಲ್ಲ. ಎದುರುಗೊಳ್ಳಲು ನಿಂತವರ ಮುಖ, ಹೂವಿನ ಕಮಾನು, ಏನೂ ಇಲ್ಲ. ಕಾಣುವುದು ಒಂದು ಬೆನ್ನು ಮಾತ್ರ. ಸಡಿಲವಾದ ಕೆಂಪು ಕೋಟು, ಹೊಲಿಸಿದರೂ ಹೆಗಲಿನಲ್ಲಿ ಜಾರುತ್ತಿತ್ತು. ಮುಂದಿನವನು ಉಸಿರು ತೆಗೆದುಕೊಳ್ಳುವಾಗ ಅವನ ಭುಜ ಒಂದು ಚೂರು ಏಳುತ್ತದೆ. ಉಸಿರು ತುಂಬಿದ ಮೇಲೆ ಇಳಿಯುತ್ತದೆ. ಇದು ಹಿಂದಿನಿಂದ ಮಾತ್ರ ಕಾಣುವ ಸಂಗತಿ. ಜೊತೆಗಾರ ಎಷ್ಟೋ ದಿಬ್ಬಣಗಳಲ್ಲಿ, ಎಷ್ಟೋ ಏರುಗಳಲ್ಲಿ ನೋಡುತ್ತ ಬಂದದ್ದು ಇದನ್ನೇ, ನನ್ನ ಭುಜವನ್ನು. ಅದು ಇಳಿಯಲು ವರ್ಷದಿಂದ ವರ್ಷಕ್ಕೆ ಹೆಚ್ಚು ಹೊತ್ತು ಹಿಡಿಯುವುದನ್ನು. ಅವನೊಬ್ಬನೇ ನೋಡಿದ್ದ. ಈಗ ಅದು ಹೇಗಿರುತ್ತದೆಂದು ನಾನೂ ಕಂಡೆ ಎಂದು ಹೇಳಿಕೊಳ್ಳಲು ಆ ಜನಜಂಗುಳಿಯಲ್ಲಿ ಅವನಿರಲಿಲ್ಲ.

ಎರಡನೇ ತಿರುವು ಬಂತು. ಕಡಿದಾದ ಜಾಗ. ಕುಕ್ಕರಿನವನಿಗೆ ಮೊದಲ ಮದುವೆ, ದಪ್ಪ ಕೋಟು, ಹಿಂದೆ ಅಷ್ಟು ಜನ. ಸಾಲಿನ ಕೊನೆಗೆ ಅವನ ಭುಜ ಎದ್ದಿತು. ಇಳಿಯಬೇಕಾದ ಹೊತ್ತಿಗೆ ಇಳಿಯಲಿಲ್ಲ.

ಹಲ್ಲು ಊರಿ ಸ್ವರ ಹಿಡಿದೆ. ಕಣ್ಣು ಕತ್ತಲೆ ಬಂತು. ಒಂದು ಹೆಜ್ಜೆ ಹೆಚ್ಚಾಯಿತು. ಯಾರೂ ಹೇಳದೆಯೇ ಸೈಡ್ ಡ್ರಮ್ ಅದರ ಮೇಲೆ ಉರುಳಿತು. ಭುಜ ಇಳಿಯಿತು, ಮುಂದಿನ ಸಾಲು ಬಂತು.

ಮದುಮಗ ಹೊಸಿಲು ದಾಟಿದ ಮೇಲೆ ಹಾಡು ನಿಲ್ಲಿಸಿದೆವು. ಕುಕ್ಕರಿನವ ಬೆವರು ಒರೆಸಿಕೊಳ್ಳುತ್ತ ನನ್ನ ಕಡೆ ತಿರುಗಿದ.

"ಎಲ್ಲಾದ್ರೂ ತುಂಡಾಯ್ತಾ ಮಾಸ್ಟ್ರೇ?"

"ಎಲ್ಲೂ ಇಲ್ಲ," ಎಂದೆ.